ಕಟ್ಟಿಗೆಯೊಳಗಿನ ಜೀವ

ಕಳೆದ ಮುಂಗಾರಿನ ಮೊದಲ ಬಿರುಗಾಳಿಗೆ ನಮ್ಮ ಹಿತ್ತಿಲಿನ ನುಗ್ಗೆಯ ಮರವು ಬುಡಸಮೇತ ಉರುಳಿಬಿದ್ದಿತು. ಆಳುಗಳು ಅದನ್ನು ಕಡಿದು, ಎರಡು ದಪ್ಪ ಕೊರಡುಗಳನ್ನು ಬಚ್ಚಲ ಒಲೆಗೆ ಆದೀತೆಂದು ಗೋಡೆಗೆ ಒರಗಿಸಿ ಹೋದರು. ಹದಿನೈದು ದಿನಗಳ ಮೇಲೆ ನೋಡಿದರೆ ಆ ಕೊರಡುಗಳ ತೊಗಟೆಯನ್ನೊಡೆದು ನಾಲ್ಕಾರು ಎಳೆಯ ಚಿಗುರುಗಳು ಹೊರಟಿದ್ದುವು. ಬೇರಿಲ್ಲ, ಎಲೆಯಿಲ್ಲ, ಮಣ್ಣಿನ ಸೋಂಕಂತೂ ಇಲ್ಲವೇ ಇಲ್ಲ. “ಇದು ಏನನ್ನು ತಿಂದುಕೊಂಡು ಚಿಗುರುತ್ತದೆಯೋ!” ಎಂದು ನಮ್ಮ ತಾಯಿಯವರು ಬೆರಗಾದರು. ಅವರು ಅದನ್ನು ಪ್ರಶ್ನೆಯೆಂದು ಕೇಳಿದವರಲ್ಲ. ಆದರೆ ಅದರೊಳಗೆ ಒಳ್ಳೆಯ ಪ್ರಶ್ನೆಯೊಂದು ಅಡಗಿರುವುದು. ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ಮರವೆಂಬ ವಸ್ತುವಿನ ವಿಷಯದಲ್ಲಿ ನಾವು ಚಿಕ್ಕಂದಿನಿಂದ ಇಟ್ಟುಕೊಂಡಿರುವ ಭಾವನೆಯೊಂದನ್ನು ಬಿಟ್ಟುಕೊಡಬೇಕಾಗುತ್ತದೆ.

ಆ ಭಾವನೆ ಯಾವುದೆಂದರೆ, ಮರದ ಜೀವವೆಲ್ಲವೂ ಎಲೆಯಲ್ಲಿ, ಬೇರಿನ ತುದಿಯಲ್ಲಿ, ತೊಗಟೆಯ ಒಳಗಿನ ಹಸಿಯಲ್ಲಿ ಇದೆ. ನಡುವಣ ಕಟ್ಟಿಗೆಯು ಮನೆಯ ಕಂಬದಂತೆ ಜೀವವಿಲ್ಲದ ಬರಿಯ ಆಧಾರವೆಂಬುದು. ನಮ್ಮ ಆಡುಮಾತೂ ಇದನ್ನೇ ಹೇಳುತ್ತದೆ. ಮೈಮೇಲೆ ಎಚ್ಚರವಿಲ್ಲದೆ ಬಿದ್ದವನನ್ನು ಕೊರಡಿನಂತೆ ಬಿದ್ದನೆನ್ನುತ್ತೇವೆ. ಕರುಣೆಯಿಲ್ಲದವನ ಮನಸ್ಸು ಕಟ್ಟಿಗೆಯೆನ್ನುತ್ತೇವೆ. ಈ ಮಾತು ಪೂರ್ತಿಯಾಗಿ ಸುಳ್ಳೆಂದು ಹೇಳುವಂತಿಲ್ಲ. ಮುಕ್ಕಾಲುಪಾಲು ನಿಜ. ಉಳಿದ ಕಾಲುಪಾಲಿನ ಸಂಗತಿಯೇ ಈ ಲೇಖನದ ವಿಷಯ.

ತೊಗಟೆಗೂ ಕಟ್ಟಿಗೆಗೂ ನಡುವೆ ಕೇಂಬಿಯಮ್ ಎಂಬ ಅತಿ ತೆಳುವಾದ ಪೊರೆಯೊಂದುಂಟು. ಮರವು ದಪ್ಪನಾಗುವುದು ಇದರಿಂದಲೇ. ಇದು ಹೊರಗಡೆಗೆ ತೊಗಟೆಯ ಕೋಶಗಳನ್ನೂ ಒಳಗಡೆಗೆ ಕಟ್ಟಿಗೆಯ ಕೋಶಗಳನ್ನೂ ಹುಟ್ಟಿಸುತ್ತ ಹೋಗುವುದು. ಒಳಗಡೆ ಹುಟ್ಟಿದ ಕೋಶಗಳಲ್ಲಿ ಹೆಚ್ಚಿನವುಗಳ ಬಾಳು ಬಹು ಸ್ವಲ್ಪ. ಕೆಲವು ಒಂದರ ಮೇಲೊಂದು ಸಾಲಾಗಿ ನಿಂತು, ನಡುವಣ ಅಡ್ಡಗೋಡೆಗಳನ್ನು ಕರಗಿಸಿಕೊಂಡು, ತಮ್ಮೊಳಗಿನ ಜೀವರಸವನ್ನೂ ಕಳೆದುಕೊಂಡು, ಕೊನೆಗೆ ಬರಿಯ ಕೊಳವೆಗಳಾಗುತ್ತವೆ. ಬೇರಿನ ನೀರು ಎಲೆಗೆ ಏರುವುದು ಈ ನಾಳಗಳ ಮೂಲಕ. ಇನ್ನು ಕೆಲವು ತಮ್ಮ ಗೋಡೆಗಳನ್ನು ದಪ್ಪಮಾಡಿಕೊಂಡು ಸತ್ತು, ಗಟ್ಟಿ ನಾರುಗಳಾಗಿ ಮರದ ಭಾರವನ್ನು ಹೊರುತ್ತವೆ. ಸಾಯುವುದರಿಂದಲೇ ಇವು ಉಪಯೋಗಕ್ಕೆ ಬರುವುವು. ಜೀವರಸ ತುಂಬಿದ ಕೊಳವೆಯಲ್ಲಿ ನೀರು ಹರಿಯುವುದು ಹೇಗೆ?

ಆದರೆ ಮೂರನೆಯ ಬಗೆಯ ಕೋಶಗಳುಂಟು. ಇವುಗಳ ಗೋಡೆ ತೆಳ್ಳಗೆ, ಆಕಾರ ಇಟ್ಟಿಗೆಯಂತೆ. ಇವು ಸಾಯುವುದಿಲ್ಲ. ಸತ್ತ ನಾಳಗಳ ಮಗ್ಗುಲಲ್ಲಿ, ಸತ್ತ ನಾರುಗಳ ಸಂದಿನಲ್ಲಿ, ಕತ್ತಲೆಯಲ್ಲಿ, ವರ್ಷಗಟ್ಟಲೆ, ಅನೇಕ ಮರಗಳಲ್ಲಿ ಹತ್ತಾರು ವರ್ಷಗಳವರೆಗೆ ಉಸಿರಾಡಿಕೊಂಡು ಇರುತ್ತವೆ. ಸಸ್ಯಶಾಸ್ತ್ರಜ್ಞರು ಇವುಗಳನ್ನು ಪ್ಯಾರೆಂಕೈಮ ಎಂದು ಕರೆಯುತ್ತಾರೆ. ಕೆಲವು ಮೇಲಿಂದ ಕೆಳಕ್ಕೆ ಎಳೆಗಳಂತೆ ನಿಂತಿರುವುವು. ಮಿಕ್ಕವು ತೊಗಟೆಯ ಕಡೆಯಿಂದ ತಿರುಳಿನ ಕಡೆಗೆ, ಗಾಡಿಯ ಚಕ್ರದ ಅರೆಕಾಲುಗಳಂತೆ, ಅಡ್ಡವಾಗಿ ಹಾಯ್ದಿರುವುವು. ಇವುಗಳಿಗೆ ಕಿರಣಗಳೆಂದು ಹೆಸರು. ಎಳೆಗಳು ಕಿರಣಗಳನ್ನು ಅಲ್ಲಲ್ಲಿ ಮುಟ್ಟಿಕೊಂಡಿರುವುದರಿಂದ ಕಟ್ಟಿಗೆಯ ಉದ್ದಗಲಕ್ಕೂ ಜೀವದ ಬಲೆಯೊಂದು ಹರಡಿದಂತಾಗಿದೆ. ಇಂಗ್ಲೆಂಡಿನ ವೈದ್ಯನಾಗಿದ್ದ ನೆಹೆಮಿಯಾ ಗ್ರೂ ಎಂಬಾತನು ೧೬೮೨ರಲ್ಲಿ ಪ್ರಕಟಿಸಿದ ಸಸ್ಯಗಳ ಅಂಗರಚನೆಯ ಗ್ರಂಥದಲ್ಲಿ ಸಸ್ಯದ ಒಳನೇಯ್ಗೆಯನ್ನು ಹೆಂಗಸರು ದಿಂಬಿನ ಮೇಲಿಟ್ಟು ಹೆಣೆಯುವ ಲೇಸಿಗೆ ಹೋಲಿಸಿದನು. ಮೂರು ಶತಮಾನಗಳಲ್ಲಿ ಇದಕ್ಕಿಂತ ಒಪ್ಪುವ ಹೋಲಿಕೆಯನ್ನು ಯಾರೂ ಕೊಟ್ಟಂತೆ ನನಗೆ ತೋರುವುದಿಲ್ಲ.

ಕಿರಣಗಳನ್ನು ಕಾಣಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿಯ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರದ ಹಲಗೆಯನ್ನು ನೋಡಿದವರಿಗೆ ಅದರ ಮೈಮೇಲೆ ಮೀನಿನ ಹುರುಪೆಯಂತೆ ಹೊಳೆಯುವ ಗುರುತುಗಳ ನೆನಪಿರಬಹುದು. ಆ ಗುರುತುಗಳೇ ಕಿರಣಗಳು. ಈ ಜೀವಕೋಶಗಳ ಪ್ರಮಾಣ ಎಲ್ಲ ಮರಗಳಲ್ಲಿಯೂ ಒಂದೇ ಅಲ್ಲ. ಪೈನ್, ದೇವದಾರು ಮುಂತಾದ ಸೂಜಿಯೆಲೆಯ ಮರಗಳ ಕಟ್ಟಿಗೆಯಲ್ಲಿ ಇವು ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ. ನಮ್ಮಂಥ ಉಷ್ಣದೇಶದ ಅಗಲವೆಲೆಯ ಮರಗಳಲ್ಲಿ ಕಾಲುಪಾಲು, ಮೂರನೆಯ ಒಂದು ಪಾಲು, ಕೆಲವೆಡೆ ಅದಕ್ಕೂ ಹೆಚ್ಚು. ಆಫ್ರಿಕಾ ಖಂಡದಿಂದ ಬಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನೆಲೆನಿಂತಿರುವ ದೊಡ್ಡ ಹುಣಸೆಯ ಮರಗಳ ಹೆಸರನ್ನು ಬಹುಮಂದಿ ಕೇಳಿರುವರು. ಆನೆಯ ಮೈಯಂಥ ಆ ಬೊಡ್ಡೆಗಳಲ್ಲಿ ಬಹುಭಾಗವು ನೀರು ತುಂಬಿದ ಜೀವಕೋಶಗಳೇ. ಮರಗೆಲಸದವನಿಗೆ ಅದರಿಂದ ಒಂದು ಮಣೆಯೂ ಹುಟ್ಟದು.

ಈಗ ನುಗ್ಗೆಯ ಕೊರಡಿಗೆ ಬರೋಣ. ಮನೆಯಲ್ಲಿ ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೊಡಿನ್ ಇದ್ದರೆ ಒಂದು ಸುಲಭವಾದ ಪರೀಕ್ಷೆಯನ್ನು ಮಾಡಿನೋಡಬಹುದು. ಮೊದಲು ಅನ್ನ ಬಸಿದ ಗಂಜಿಯನ್ನು ಆರಿಸಿ ಅದಕ್ಕೆ ಒಂದು ತೊಟ್ಟು ಹಾಕಿರಿ. ಗಂಜಿಯು ಕೂಡಲೇ ನೀಲಿಯಾಗುವುದು. ಪಿಷ್ಟವಿದ್ದಲ್ಲಿ ಅಯೊಡಿನ್ನು ನೀಲಿಗಟ್ಟುವುದು ಅದರ ಸ್ವಭಾವ. ಆ ಬಳಿಕ ಮಾಗಿಯ ಕಾಲದಲ್ಲಿ ಆಗತಾನೆ ಕಡಿದ ಹೆಬ್ಬೆರಳು ಗಾತ್ರದ ಯಾವುದಾದರೂ ಕೊಂಬೆಯನ್ನು ಚೂಪಾದ ಚಾಕುವಿನಿಂದ ಅಡ್ಡಲಾಗಿ ನುಣ್ಣಗೆ ಕತ್ತರಿಸಿ, ಆ ಮುಖಕ್ಕೆ ಅದೇ ಔಷಧವನ್ನು ಸವರಿರಿ. ಸ್ವಲ್ಪ ಹೊತ್ತಿನಲ್ಲಿ, ನಡುವಿನಿಂದ ತೊಗಟೆಯವರೆಗೆ ಕೂದಲಿನಷ್ಟು ಸಣ್ಣ ಕಪ್ಪುನೀಲಿ ಗೆರೆಗಳು ಮೂಡುವುದನ್ನು ಕಾಣಬಹುದು. ನಮ್ಮ ಅನ್ನದಲ್ಲಿ ಇರುವ ವಸ್ತುವೇ ಆ ಕಟ್ಟಿಗೆಯಲ್ಲಿಯೂ ಇದೆ. ಎಲೆಗಳು ಬಿಸಿಲಿನಲ್ಲಿ ಅಡುಗೆಮಾಡಿದ ಆಹಾರವು ತೊಗಟೆಯ ಮೂಲಕ ಇಳಿದು, ಕಿರಣಗಳ ಹಾದಿಯಲ್ಲಿ ಒಳಹೊಕ್ಕು, ಈ ಜೀವಕೋಶಗಳೆಂಬ ಕಣಜಗಳಲ್ಲಿ ಪಿಷ್ಟದ ಕಾಳುಗಳಾಗಿ ಸೇರಿರುತ್ತದೆ. ಬೇಕಾದಾಗ ಅದನ್ನು ಮತ್ತೆ ಸಕ್ಕರೆಯಾಗಿ ಕರಗಿಸಿ ಹೊರಗೆ ಕೊಡುವ ಕೆಲಸವೂ ಈ ಕೋಶಗಳದೇ. ಸತ್ತ ಕಣಜಕ್ಕೆ ಈ ಲೆಕ್ಕಾಚಾರ ತಿಳಿಯದು.

ನಮ್ಮ ತಾಯಿಯವರಿಗೆ ನಾನು ಹೇಳಿದ ಉತ್ತರವಿಷ್ಟು: ಕೊರಡು ಕೂಡಿಟ್ಟುದನ್ನು ತಿನ್ನುತ್ತಿದೆ. ಅವರಿಗೆ ಇದು ತಟ್ಟನೆ ಒಪ್ಪಿಗೆಯಾಯಿತು. ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬುವವರಿಗೆ ಇದರಲ್ಲಿ ಹೊಸತೇನಿದೆ? ಮಾಘ ಫಾಲ್ಗುಣಗಳಲ್ಲಿ ಮುತ್ತುಗದ ಮರವೂ ಬೂರುಗದ ಮರವೂ ಒಂದೆಲೆಯೂ ಇಲ್ಲದೆ ಮೈತುಂಬ ಕೆಂಪು ಹೂಗಳನ್ನು ಹೊತ್ತು ನಿಲ್ಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಎಲೆಯಿಲ್ಲದಾಗ ಅಡುಗೆಯೆಲ್ಲಿ? ಆ ಹೂವಿನ ಖರ್ಚೆಲ್ಲವೂ ಕೂಡಿಟ್ಟ ಗಂಟಿನಿಂದಲೇ. ಯುಗಾದಿಯ ಹೊತ್ತಿಗೆ ಬೋಳಾಗಿದ್ದ ಹೊಂಗೆಯು ತಳಿರು ತಳೆಯುವುದೂ ಇದೇ ಬಗೆಯ ಉಳಿತಾಯದಿಂದ. ಹಿಮಬೀಳುವ ದೇಶಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುವುದು. ಕೆನಡಾ ದೇಶದಲ್ಲಿಯೂ ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಮೇಪಲ್ ಎಂಬ ಮರವುಂಟು. ಚಳಿ ಬಿದ್ದೊಡನೆ ಅದರ ಕಟ್ಟಿಗೆಯ ಜೀವಕೋಶಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮರಕ್ಕೆ ಒಂದು ಸಣ್ಣ ತೂತು ಕೊರೆದರೆ ಸಿಹಿನೀರು ತೊಟ್ಟಿಕ್ಕುವುದು. ಸುಮಾರು ೪೦ ಲೀಟರು ನೀರನ್ನು ಕಾಯಿಸಿದರೆ ಒಂದು ಲೀಟರು ಪಾನಕ ದೊರೆಯುವುದು. ನಮ್ಮ ಆಲೆಮನೆಯವರು ಆ ಸೌದೆಯ ಖರ್ಚನ್ನು ಕೇಳಿದರೆ ನಕ್ಕಾರು.

ಹಿಂದೆ ಕೆಲವು ಪಂಡಿತರು ಈ ಕೋಶಗಳಿಗೆ ಇನ್ನೂ ದೊಡ್ಡ ಕೆಲಸವೊಂದನ್ನು ವಹಿಸಿದ್ದರು. ನೂರಡಿಯ ಮರದ ತುದಿಗೆ ನೀರನ್ನು ಎತ್ತುವವರು ಯಾರು? ನಾಳದ ಪಕ್ಕದಲ್ಲಿರುವ ಜೀವಕೋಶಗಳೇ ಹಂತಹಂತವಾಗಿ, ಏತದ ಮೇಲೆ ಏತ ಕಟ್ಟಿದಂತೆ, ನೀರನ್ನು ಮೇಲಕ್ಕೆ ಸಾಗಿಸುತ್ತವೆಂದು ೧೮೮೪ರಲ್ಲಿ ಪೋಲೆಂಡಿನ ಗೊಡ್ಲೆವ್ಸ್ಕಿಯು ವಾದಿಸಿದನು. ಜರ್ಮನಿಯ ಬಾನ್ ನಗರದಲ್ಲಿದ್ದ ಸ್ಟ್ರಾಸ್‌ಬರ್ಗರ್ ಎಂಬ ಆಚಾರ್ಯನು ಅದನ್ನು ಪರೀಕ್ಷಿಸಲು ಹೊರಟನು. ಅವನು ದೊಡ್ಡ ಓಕ್ ಮರವೊಂದನ್ನು ಬುಡದಲ್ಲಿ ಕೊಯ್ದು, ಆ ಬುಡವನ್ನು ಜೀವಕೋಶಗಳನ್ನು ಕೊಲ್ಲುವ ವಿಷದ್ರಾವಣದಲ್ಲಿ ನಿಲ್ಲಿಸಿದನು. ವಿಷವು ಏರಿತು, ದಾರಿಯಲ್ಲಿದ್ದ ಕೋಶಗಳನ್ನು ಕೊಂದಿತು, ಆದರೂ ಆ ಬಳಿಕ ಕೊಟ್ಟ ಬಣ್ಣದ ನೀರು ನಿಲ್ಲದೆ ಮೇಲಕ್ಕೆ ಹೋಯಿತು. ೧೮೯೧ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ನೀರನ್ನು ಎತ್ತಲು ಕಟ್ಟಿಗೆಯ ಜೀವಕೋಶಗಳು ಅಗತ್ಯವಲ್ಲವೆಂದು ತೀರ್ಮಾನವಾಯಿತು. ಮೂರು ವರ್ಷಗಳ ತರುವಾಯ ಡಬ್ಲಿನ್ ನಗರದ ಡಿಕ್ಸನ್, ಜಾಲಿ ಎಂಬಿಬ್ಬರು, ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತವೇ ನೀರಿನ ಎಳೆಯನ್ನು ಹಗ್ಗದಂತೆ ಮೇಲಕ್ಕೆ ಜಗ್ಗುವುದೆಂದು ಹೇಳಿದರು. ಇಂದಿಗೂ ಶಾಸ್ತ್ರಜ್ಞರು ನಂಬಿರುವುದು ಇದನ್ನೇ.

ನಮ್ಮ ಆಚಾರ್ಯ ಜಗದೀಶಚಂದ್ರ ಬೋಸರು ಇದನ್ನು ಒಪ್ಪಲಿಲ್ಲ. ಕಲಕತ್ತೆಯಲ್ಲಿ ಅತಿ ಸೂಕ್ಷ್ಮವಾದ ಯಂತ್ರಗಳನ್ನು ತಾವೇ ರಚಿಸಿ, ಕಟ್ಟಿಗೆಯನ್ನು ಸುತ್ತಿಕೊಂಡಿರುವ ಜೀವಕೋಶಗಳ ಪದರವೊಂದು ಹೃದಯದಂತೆ ಮಿಡಿದು ರಸವನ್ನು ನೂಕುವುದೆಂದು ೧೯೨೩ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆ ಸಿದ್ಧಾಂತವು ನಿಲ್ಲಲಿಲ್ಲ. ನಮ್ಮವರೆಂಬ ಅಭಿಮಾನದಿಂದ ಅದನ್ನು ನಿಂತಿತೆಂದು ಹೇಳುವುದು ಅವರಿಗೆ ಗೌರವವಾಗದು. ಆದರೆ ಮತ್ತೊಂದು ಮಾತನ್ನೂ ಹೇಳಬೇಕು: ನೀರೆತ್ತುವ ಮೊಕದ್ದಮೆಯಲ್ಲಿ ಸೋತ ಮೇಲೆ ಕಟ್ಟಿಗೆಯ ಜೀವಕೋಶಗಳನ್ನು ಬಹುಕಾಲ ಯಾರೂ ಅಷ್ಟಾಗಿ ವಿಚಾರಿಸಲಿಲ್ಲ. ಅವುಗಳ ನಿಜವಾದ ಪೌರುಷವು ಇನ್ನೊಂದು ಕಡೆ ಇತ್ತು.

ಅದರ ಸುಳಿವನ್ನು ಬಹು ಹಿಂದೆಯೇ, ೧೮೪೫ರಲ್ಲಿ, ವಿಯೆನ್ನಾ ನಗರದ ಮಹಿಳೆಯೊಬ್ಬಳು ಕೊಟ್ಟಿದ್ದಳು. ಅವಳ ಹೆಸರು ಹರ್ಮೀನ್ ಫಾನ್ ರೈಖೆನ್‌ಬಾಖ್. ಕೆಲವು ಮರಗಳ ನಾಳಗಳೊಳಗೆ ಸೋಪಿನ ನೊರೆಯ ಗುಳ್ಳೆಗಳಂತೆ ಏನೋ ತುಂಬಿರುವುದನ್ನು ಹಿಂದಿನವರು ಕಂಡಿದ್ದರು. ಅದು ಎಲ್ಲಿಂದ ಬಂದಿತೆಂಬುದು ಇತ್ಯರ್ಥವಾಗಿರಲಿಲ್ಲ. ಅವಳು ಸೂಕ್ಷ್ಮದರ್ಶಕದಲ್ಲಿ ನೋಡಿ, ನೆರೆಯ ಜೀವಕೋಶವೇ ಗೋಡೆಯ ಸಣ್ಣ ಕಿಂಡಿಯಿಂದ ನಾಳದೊಳಕ್ಕೆ ಉಬ್ಬಿಕೊಂಡು ಬಂದು ಅದನ್ನು ಮುಚ್ಚುವುದೆಂದು ಕಂಡುಹಿಡಿದಳು. ಈ ಗುಳ್ಳೆಗಳಿಗೆ ಟೈಲೋಸ್ ಎಂಬ ಹೆಸರು ಬಂದುದೂ ಅವಳಿಂದಲೇ. ಲೇಖನವು ಅಚ್ಚಾಯಿತು, ಲೇಖಕಿಯ ಹೆಸರು ಅಚ್ಚಾಗಲಿಲ್ಲ. ಬರೆದವರು ಹೆಸರು ಹೇಳದ ಒಬ್ಬರೆಂದಷ್ಟೇ ಅಲ್ಲಿ ನಮೂದಾಗಿತ್ತು. ಪಾಶ್ಚಾತ್ಯರು ದ್ರಾಕ್ಷಾರಸವನ್ನು ಬಿಳಿಯ ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರೂ ಸೋರದಿರುವುದು ಆ ಮರದ ನಾಳಗಳೆಲ್ಲ ಈ ಗುಳ್ಳೆಗಳಿಂದ ಬಿಗಿದುಕೊಂಡಿರುವುದರಿಂದ. ಕೆಂಪು ಓಕ್ ಮರದಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಅದರ ಸಣ್ಣ ತುಂಡೊಂದನ್ನು ಕೊಳವೆಯಂತೆ ಬಾಯಿಗಿಟ್ಟು ಊದಿದರೆ ಆಚೆಯ ತುದಿಯಿಂದ ಗಾಳಿ ಬರುವುದು.

ನಾಳಗಳನ್ನು ಹೀಗೆ ಮುಚ್ಚುವುದು ಜೀವಕೋಶಗಳ ಕೊನೆಗಾಲದ ಕೆಲಸಗಳಲ್ಲಿ ಒಂದು. ಮರವು ಬಲಿತಂತೆ ನಡುವಣ ಭಾಗದ ಕೋಶಗಳು ಒಂದೊಂದಾಗಿ ಸಾಯತೊಡಗುವುವು. ಆದರೆ ಬರಿಗೈಯಲ್ಲಿ ಸಾಯುವುದಿಲ್ಲ. ತಮ್ಮಲ್ಲಿ ಉಳಿದಿದ್ದ ಪಿಷ್ಟ ಸಕ್ಕರೆಗಳನ್ನೆಲ್ಲ ವೆಚ್ಚಮಾಡಿ ಬಣ್ಣ, ರಾಳ, ಎಣ್ಣೆ, ಕಹಿವಸ್ತುಗಳನ್ನು ತಯಾರಿಸಿ, ಅವುಗಳನ್ನು ಸುತ್ತಲಿನ ನಾರು ನಾಳಗಳಿಗೆ ಊಡಿಸಿ ಆಮೇಲೆ ಸಾಯುತ್ತವೆ. ಹೀಗೆ ಆದ ಬಣ್ಣದ ಗಟ್ಟಿಮರವೇ ನಮ್ಮ ಬಡಗಿಗಳು ಚೇಗೆಂದು ಕರೆಯುವ ಭಾಗ. ಹೊರಗೆ ಉಳಿದಿರುವ ಬಿಳಿಯ ಮರದಲ್ಲಿ ಜೀವವುಂಟು; ಚೇಗಿನಲ್ಲಿ ಇಲ್ಲ. ತೇಗದ ಚೇಗನ್ನು ಗೆದ್ದಲು ಮುಟ್ಟಲು ಹಿಂಜರಿಯುವುದು ಅದರಲ್ಲಿ ಸೇರಿರುವ ಟೆಕ್ಟೊಕ್ವಿನೋನ್ ಮುಂತಾದ ದ್ರವ್ಯಗಳಿಂದ. ಹಲಸಿನ ಚೇಗಿನ ಹಳದಿಯಿಂದ ಬೌದ್ಧ ಭಿಕ್ಷುಗಳ ಚೀವರಗಳಿಗೆ ಬಣ್ಣ ಕಟ್ಟುವ ರೂಢಿಯುಂಟು. ಹೊನ್ನೆಯ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಕಂದುಹಳದಿಯಾಗಿ ಅಂಚಿನಲ್ಲಿ ನೀಲಿಯ ಛಾಯೆ ಮಿನುಗುವುದಷ್ಟೆ. ಆ ಬಣ್ಣವೂ ಎಂದೋ ಸತ್ತ ಕೋಶಗಳ ಆಸ್ತಿ.

ಇವೆಲ್ಲಕ್ಕಿಂತಲೂ ನಮಗೆ ಹತ್ತಿರವಾದುದು ಶ್ರೀಗಂಧ. ದೇವರ ಮನೆಯ ಗಂಧದ ಕೊರಡಿನ ಅಂಚಿನಲ್ಲಿ ಬಿಳಿಯ ಭಾಗವೇನಾದರೂ ಉಳಿದಿದ್ದರೆ ಅದನ್ನು ಸಾಣೆಕಲ್ಲಿನ ಮೇಲೆ ತೇಯ್ದುನೋಡಿರಿ: ಕಲ್ಲಿನ ಮೇಲೆ ಬಿಳಿಯ ಕೆಸರಾಗುವುದೇ ಹೊರತು ಪರಿಮಳವಿಲ್ಲ. ಜೀವವಿರುವ ಗಂಧದ ಮರಕ್ಕೆ ವಾಸನೆಯಿಲ್ಲ! ಒಳಗಿನ ಕೋಶಗಳು ಸ್ಯಾಂಟಲಾಲ್ ಎಂಬ ಎಣ್ಣೆಯನ್ನು ಮಾಡಿಟ್ಟು ಸತ್ತಲ್ಲಿ ಮಾತ್ರ ಗಂಧವು ಗಂಧವಾಗುವುದು. ಇದು ಮೊದಲಾಗುವುದಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಗಳು ಬೇಕು; ತಕ್ಕಷ್ಟು ಚೇಗು ಕೂಡುವುದಕ್ಕೆ ಅದಕ್ಕೂ ಎಷ್ಟೋ ಹೆಚ್ಚು. ಎಣ್ಣೆ ಅತಿ ಹೆಚ್ಚಾಗಿರುವುದು ಬೇರಿನಲ್ಲಿ; ಆದುದರಿಂದಲೇ ಗಂಧದ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಮರದ ರಫ್ತು ನಿಂತುಹೋಗಲು, ೧೯೧೬ರಲ್ಲಿ ಮೈಸೂರು ಸಂಸ್ಥಾನದವರು ತಾವೇ ಗಂಧದೆಣ್ಣೆಯನ್ನು ಇಳಿಸತೊಡಗಿದ ಕಥೆಯನ್ನು ಬಲ್ಲವರು ಅನೇಕರು. ಆ ಉದ್ಯಮವೆಲ್ಲವೂ ಇಂಥ ಕೋಶಗಳು ಸಾಯುವ ಮುನ್ನ ಮಾಡಿಟ್ಟ ಸಂಪಾದನೆಯ ಮೇಲೆ ನಿಂತಿತ್ತು. ೨೦೦೧ರ ಕಾನೂನಿನ ತಿದ್ದುಪಡಿಯಿಂದ ಕರ್ನಾಟಕದಲ್ಲಿ ತಮ್ಮ ನೆಲದಲ್ಲಿ ಬೆಳೆದ ಗಂಧಕ್ಕೆ ನೆಲದವರೇ ಒಡೆಯರಾದ ಮೇಲೆ ತೋಟಗಳಲ್ಲಿ ಇದನ್ನು ನೆಡುವವರು ಹೆಚ್ಚಿದ್ದಾರೆ. ಐದಾರು ವರ್ಷಕ್ಕೇ ಆತುರಪಟ್ಟು ಚೇಗಾಯಿತೇ ಎಂದು ಮರವನ್ನು ಕೊರೆದುನೋಡುವವರಿಗೆ ಒಂದು ಮಾತು. ಆ ತೂತಿನ ಸುತ್ತಲೂ ಇರುವುದು ಬದುಕಿರುವ ಕೋಶಗಳು. ಅವು ಮುಂದೆ ಎಣ್ಣೆ ಮಾಡಬೇಕಾದವು. ನೀವು ಕೊರೆದಾಗ ಅವು ಆ ಕೆಲಸವನ್ನು ಬಿಟ್ಟು ಗಾಯವನ್ನು ನೋಡಿಕೊಳ್ಳಬೇಕಾಗುತ್ತದೆ.

ಗಾಯದ ಮಾತು ಬಂದುದರಿಂದ ನಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕಾಗಿದೆ. ನಮ್ಮ ತಾತಂದಿರು ನೆಟ್ಟ ಮಾವಿನ ಮರವೊಂದು ಅಂಗಳದ ಮೂಲೆಯಲ್ಲಿತ್ತು. ಅದರ ದೊಡ್ಡ ಕೊಂಬೆಯೊಂದು ಹೆಂಚಿನ ಮೇಲೆ ಬಾಗಿತ್ತೆಂದು ೧೯೭೮ರಲ್ಲಿ ಅದನ್ನು ಬೊಡ್ಡೆಗೆ ಸಮನಾಗಿ, ಗೋಡೆಗೆ ಗಾರೆ ನುಣುಪುಮಾಡಿದಂತೆ ಕೊಯ್ಯಿಸಿ ಡಾಂಬರು ಬಳಿಸಿದರು. ಅಂದಿನ ದಿನ ತಿಳಿದವರೆಲ್ಲರೂ ಹೇಳುತ್ತಿದ್ದುದು ಅದನ್ನೇ. ಆರು ವರ್ಷಗಳಲ್ಲಿ ಅಲ್ಲಿ ಪೊಟರೆಯಾಯಿತು. ನಮ್ಮ ತಂದೆಯವರು ಮರವೆಂದರೆ ಪ್ರಾಣಬಿಡುವವರು. ಎರಡು ದಿನ ಕುಳಿತು ಉಳಿಯಿಂದ ಕೊಳೆತುದನ್ನೆಲ್ಲ ಕೆರೆದರು. ಕಪ್ಪಾದ ಗಟ್ಟಿ ಅಂಚೊಂದು ಸಿಕ್ಕಿತು. ಅದನ್ನೂ ಬಿಡದೆ ಕೆತ್ತಿ, ಬೆಳ್ಳಗಿನ ಹಸಿಮರ ಕಾಣುವವರೆಗೂ ಹೋದರು. ಹುಳುಕುಹಲ್ಲಿಗೆ ವೈದ್ಯರು ಮಾಡುವಂತೆ, ಇಟ್ಟಿಗೆಯ ಚೂರು ಸಿಮೆಂಟುಗಳಿಂದ ಪೊಟರೆಯನ್ನು ತುಂಬಿ ನುಣ್ಣಗೆ ಸಾರಿಸಿದರು. ೧೯೯೩ರ ಆಷಾಢದ ಗಾಳಿಗೆ ಮರವು ಮುರಿದುದು ಸರಿಯಾಗಿ ಅಲ್ಲಿಯೇ. ಸಿಮೆಂಟಿನ ಗಟ್ಟಿ ಹಾಗೆಯೇ ಇತ್ತು. ಅದರ ಸುತ್ತಲಿನ ಮರ ಮಾತ್ರ ಬೆರಳಿನಿಂದ ತೆಗೆದರೆ ಬರುವಂತಿತ್ತು. ತಂದೆಯವರು ಬಹಳ ಹೊತ್ತು ಆ ಬೊಡ್ಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ತಾವು ಇನ್ನೂ ಆಳಕ್ಕೆ ಕೆರೆಯಬೇಕಾಗಿತ್ತೆಂದು ಅವರು ಕಡೆಯವರೆಗೂ ತಿಳಿದಿದ್ದರು.

ನಡೆದ ಸಂಗತಿಯು ಇದಕ್ಕೆ ತೀರ ವಿರುದ್ಧವೆಂಬುದು ನನಗೆ ತಿಳಿದುದು ಅವರು ಹೋದ ಮೇಲೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿಯೊಬ್ಬರಿದ್ದರು. ೧೯೫೯ರಿಂದ ಮೊದಲಾಗಿ ಅವರು ಸಾವಿರಾರು ಮರಗಳನ್ನು ಅಡ್ಡಡ್ಡಲಾಗಿ ಕೊಯ್ಯದೆ ಯಂತ್ರದ ಗರಗಸದಿಂದ ಉದ್ದುದ್ದವಾಗಿ ಸೀಳಿಸಿ, ಹಳೆಯ ಗಾಯಗಳಿಂದ ಕೊಳೆಯು ಎತ್ತೆತ್ತ ಹರಡಿದೆಯೆಂಬುದನ್ನು ಅಳೆದರು. ೧೯೭೭ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅದರ ಸಾರವೇನೆಂದರೆ, ಪ್ರಾಣಿಗಳ ಗಾಯ ಮಾಯುವಂತೆ ಮರದ ಗಾಯವು ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರವು ಸರಿಪಡಿಸಲಾರದು. ಅದರ ಸುತ್ತ ಗೋಡೆಯೆಬ್ಬಿಸಿ ಅದನ್ನು ಬೇರೆಯಾಗಿಡಬಲ್ಲುದು. ಈ ಗೋಡೆಯನ್ನು ಕಟ್ಟುವವರು ಯಾರು? ಕಟ್ಟಿಗೆಯೊಳಗಿನ ಜೀವಕೋಶಗಳೇ. ಗಾಯವಾದೊಡನೆ ಹತ್ತಿರದ ಕೋಶಗಳು ನಾಳಗಳನ್ನು ಗುಳ್ಳೆಗಳಿಂದಲೋ ಅಂಟಿನಿಂದಲೋ ಮುಚ್ಚಿ, ಕೂಡಿಟ್ಟ ಪಿಷ್ಟವನ್ನು ಬೂಷ್ಟಿಗೆ ವಿಷವಾಗುವ ದ್ರವ್ಯಗಳಾಗಿ ಮಾರ್ಪಡಿಸಿ, ಆ ಗಡಿಯಲ್ಲಿ ತಾವೂ ಸಾಯುವುವು. ಮೇಲೆ ಕೆಳಗೆ ಈ ತಡೆ ಸ್ವಲ್ಪ ದುರ್ಬಲ. ಅಕ್ಕಪಕ್ಕಕ್ಕೆ ಕಿರಣಗಳು ಅದಕ್ಕಿಂತ ಬಲವಾಗಿ ತಡೆಯುವುವು. ಗಾಯವಾದ ಮೇಲೆ ಕೇಂಬಿಯಮ್ಮು ಹೊಸದಾಗಿ ಹುಟ್ಟಿಸುವ ಗೋಡೆಯಂತೂ ಎಲ್ಲಕ್ಕಿಂತ ಗಟ್ಟಿ. ಹಳೆಯ ಮರಗಳ ಒಳಗೆಲ್ಲ ಪೊಳ್ಳಾದರೂ ಹೊರಗಿನ ಸುತ್ತು ನೂರು ವರ್ಷ ಹಸಿರಾಗಿ ನಿಲ್ಲುವುದು ಇದರಿಂದಲೇ.

ನಮ್ಮ ತಂದೆಯವರು ಉಳಿಯಿಂದ ಕೆತ್ತಿಹಾಕಿದ ಆ ಕಪ್ಪು ಅಂಚು ಕೊಳೆಯಲ್ಲ; ಅದೇ ಆ ಕೋಟೆಯ ಗೋಡೆ. ಅದರಾಚೆಗೆ ಕೊಳೆಗೆ ಪ್ರವೇಶವಿರಲಿಲ್ಲ. ಗೋಡೆಯನ್ನು ಒಡೆದುಕೊಟ್ಟವರು ನಾವು. ಮೊದಲು ಕೊಂಬೆಯನ್ನು ಬೊಡ್ಡೆಗೆ ಸಮನಾಗಿ ಕೊಯ್ದುದೂ ತಪ್ಪೇ. ಕೊಂಬೆಯು ಬೊಡ್ಡೆಯಿಂದ ಹೊರಡುವಲ್ಲಿ ಬಳೆಯಂತೆ ಉಬ್ಬಿದ ಒಂದು ಸುತ್ತು ಇರುತ್ತದೆ. ಆ ಸುತ್ತು ಬೊಡ್ಡೆಯ ಸೊತ್ತು, ಕೊಂಬೆಯದಲ್ಲ. ಗೋಡೆ ಕಟ್ಟುವುದಕ್ಕೆ ಸಾಮಗ್ರಿಯೆಲ್ಲವೂ ಅಲ್ಲಿಯೇ ಸಿದ್ಧವಾಗಿರುವುದರಿಂದ, ಅದಕ್ಕೆ ತಾಗದಂತೆ ಅದರ ಹೊರಮಗ್ಗುಲಿಗೆ ಕೊಯ್ಯಬೇಕು. ಉದ್ದನೆಯ ಮೋಟನ್ನೂ ಬಿಡಬಾರದು. ಡಾಂಬರು, ಬಣ್ಣ, ಸಗಣಿಗಳನ್ನು ಬಳಿದುದರಿಂದ ಕೊಳೆಯುವುದು ತಪ್ಪುವುದಿಲ್ಲವೆಂದು ಅವರು ತೋರಿಸಿದರು. ಪೊಟರೆಯಲ್ಲಿ ಸಡಿಲವಾಗಿರುವ ಪುಡಿಯನ್ನು ಕೈಯಿಂದ ತೆಗೆದರೆ ತೆಗೆಯಿರಿ. ಗಟ್ಟಿ ಅಂಚು ಸಿಕ್ಕಿದೊಡನೆ ಉಳಿಯನ್ನು ಕೆಳಗಿಡಿರಿ.

ತೆಂಗಿನ ಮರದ ಸ್ಥಿತಿ ಬೇರೆ. ತೆಂಗು, ಅಡಿಕೆ, ಈಚಲುಗಳಿಗೆ ಕೇಂಬಿಯಮ್ಮು ಇಲ್ಲ. ಅವು ವರ್ಷವರ್ಷವೂ ಹೊಸ ಕಟ್ಟಿಗೆಯ ಸುತ್ತನ್ನು ಹಾಕಿಕೊಳ್ಳುವುದಿಲ್ಲ. ಆದುದರಿಂದ ತೆಂಗಿನ ಬುಡದಲ್ಲಿರುವ ಜೀವಕೋಶವು, ಮರವು ಆಳೆತ್ತರವಿದ್ದಾಗ ಹುಟ್ಟಿದುದೇ, ಮರಕ್ಕೆ ಎಂಬತ್ತು ವರ್ಷಗಳಾದಾಗಲೂ ಬದುಕಿರುತ್ತದೆ. ಮನೆಯ ಯಜಮಾನರಿಗಿಂತ ಹಳೆಯ ಕೋಶಗಳು! ಆದರೆ ಮರ ಹತ್ತುವವರು ಮೆಟ್ಟಿಲಿಗಾಗಿ ಕಡಿದ ಕಚ್ಚುಗಳು ಕಡಿದಂತೆಯೇ ಉಳಿಯುವುವು. ಮುಚ್ಚಿಕೊಳ್ಳಲು ಅದಕ್ಕೆ ಸಾಧನವಿಲ್ಲ. ಅಂಥ ಕಚ್ಚುಗಳನ್ನು ಹಾಕಲು ಬಿಡದಿರುವುದೇ ಲೇಸು.

ಇನ್ನು, ಮರ ಕಡಿಸಿ ಬಾಗಿಲುವಾಡಗಳನ್ನು ಮಾಡಿಸುವವರಿಗೂ ಈ ಕೋಶಗಳ ಸಂಬಂಧ ತಪ್ಪಿದುದಲ್ಲ. ಹೊಸ ಚೌಕಟ್ಟಿನ ಕೆಳಗೆ ಬೆಳಿಗ್ಗೆ ಬೆಳಿಗ್ಗೆ ಮೈದಾಹಿಟ್ಟಿನಂಥ ಪುಡಿ ಬಿದ್ದಿರುವುದನ್ನು ಗುಡಿಸದ ಗೃಹಿಣಿಯರು ವಿರಳ. ಇದು ಕುಟ್ಟೆ ಹುಳುವಿನ ಕೆಲಸ. ಇದರಲ್ಲಿ ಒಂದು ಜಾತಿಯ ದುಂಬಿಯು ಮರದ ನಾಳಗಳ ಬಾಯಲ್ಲಿ ಮೊಟ್ಟೆಯಿಡುವುದು. ಮರಿಹುಳುಗಳಿಗೆ ಬೇಕಾದುದು ಜೀವಕೋಶಗಳಲ್ಲಿ ಉಳಿದುಹೋದ ಪಿಷ್ಟ. ಆದುದರಿಂದ ಬಿಳಿಯ ಮರವನ್ನು ಮಾತ್ರ ಹಿಟ್ಟುಮಾಡಿ, ಚೇಗಿನ ಗಡಿ ಬಂದೊಡನೆ ಅವು ನಿಲ್ಲುತ್ತವೆ. ಇಲ್ಲಿ ಒಂದು ಸ್ವಾರಸ್ಯವುಂಟು. ಕಡಿದ ದಿಮ್ಮಿಯು ಕಡಿದ ದಿನವೇ ಸಾಯುವುದಿಲ್ಲ. ತೊಗಟೆಯೊಡನೆ ನೆರಳಿನಲ್ಲಿ ಬಿದ್ದಿದ್ದರೆ ಅದರ ಕೋಶಗಳು ವಾರಗಟ್ಟಲೆ ಉಸಿರಾಡುತ್ತ, ಇದ್ದ ಪಿಷ್ಟವನ್ನು ತಾವೇ ಕರಗಿಸಿಕೊಳ್ಳುತ್ತವೆ. ಕಡಿದ ಮಾರನೆಯ ದಿನವೇ ಕೊಯ್ಸಿ, ಬಿಸಿಗಾಳಿಯ ಕೋಣೆಯಲ್ಲಿ ಬೇಗನೆ ಒಣಗಿಸಿದರೆ ಕೋಶಗಳು ಪಿಷ್ಟವಿದ್ದ ಹಾಗೆಯೇ ಸತ್ತು, ಹುಳುವಿಗೆ ಊಟವನ್ನು ಬಡಿಸಿಟ್ಟಂತಾಗುವುದು. ಹಾಗೆಂದು ದಿಮ್ಮಿಯನ್ನು ತಿಂಗಳುಗಟ್ಟಲೆ ಮಳೆಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುವುದು; ಇದರಲ್ಲಿ ಬಡಗಿಯ ವಿವೇಚನೆಯೂ ಬೇಕು. ಬಿದಿರಿನ ಗಳುಗಳನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಡುವ ಹಳ್ಳಿಯವರ ಪದ್ಧತಿಯಿಂದಲೂ ಅದರ ಪಿಷ್ಟವೇ ಕಡಿಮೆಯಾಗುವುದು. ಅವರು ಅಯೊಡಿನ್ನನ್ನು ಕಂಡವರಲ್ಲ, ಆದರೂ ಹದ ತಿಳಿದಿತ್ತು.

ಮುರಿದುಬಿದ್ದ ಆ ಮಾವಿನ ಮರದಿಂದ ಮೊದಲೇ ಕಸಿಕಟ್ಟಿದ ಗಿಡವೊಂದು ಈಗ ಅಂಗಳದ ಇನ್ನೊಂದು ಮೂಲೆಯಲ್ಲ��� ದೊಡ್ಡ ಮರವಾಗಿದೆ. ಹೋದ ವರ್ಷ ಅದರ ಕೊಂಬೆಯೊಂದೂ ಹೆಂಚಿನ ಕಡೆಗೆ ತಿರುಗಿತು. ಕೆಲಸದವನು ವಾಡಿಕೆಯಂತೆ ಬೊಡ್ಡೆಗೆ ಸಮನಾಗಿ ಗರಗಸವನ್ನಿಟ್ಟನು. ನಾನು ಅವನ ಕೈಹಿಡಿದು, ಆ ಬಳೆಯಂಥ ಉಬ್ಬನ್ನು ತೋರಿಸಿ, ಅದರ ಹೊರಗೆ ಕೊಯ್ಯಿಸಿದೆನು. “ಚೆನ್ನಾಗಿ ಕಾಣುವುದಿಲ್ಲ, ಸ್ವಾಮಿ” ಎಂದು ಅವನು ಮುಖ ಸಣ್ಣದು ಮಾಡಿಕೊಂಡನು. ಡಾಂಬರೂ ಬೇಡವೆಂದಾಗ ನನ್ನ ಜಿಪುಣತನವೆಂದು ತಿಳಿದಿರಬೇಕು. ಈಗ ಆ ಗಾಯದ ಸುತ್ತ ಹಸಿರುಗಂದು ಬಣ್ಣದ ತುಟಿಯಂಥ ಅಂಚೊಂದು ನಾಲ್ಕು ಕಡೆಯಿಂದಲೂ ಸಮನಾಗಿ ಒಳಕ್ಕೆ ಸರಿದಿದೆ. ನಡುವೆ ಇನ್ನು ಎರಡು ಬೆರಳಷ್ಟು ಮಾತ್ರ ತೆರೆದಿದೆ.